ಟೇಲರ್ ಕಲ್ಮೇಶಪ್ಪನ ಬಾಯೊಳಗಿನ ಸೂಜಿ

ನಮ್ಮೂರಿನ ಗಾಳಿಯ ವಿಷಯವನ್ನು ನಾನು ಯಾವಾಗಲೂ ಅರ್ಧಕ್ಕರ್ಧ ಕಡಿಮೆ ಮಾಡಿಯೇ ಹೇಳುತ್ತೇನೆ. ಪೂರ್ತಿ ಹೇಳಿದರೆ ಪರವೂರಿನವರು ನಂಬುವುದಿಲ್ಲ, ಸುಳ್ಳ ಅನ್ನಿಸಿಕೊಂಡು ನನಗೆ ಅಭ್ಯಾಸವೂ ಇಲ್ಲ. ಕೆಂಪು ಗುಡ್ಡದ ಕಡೆಯಿಂದ ಕೆಂಗಾಳಿ ಬೀಸಲು ಶುರುವಾಯಿತೆಂದರೆ, ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದವನು ಅದನ್ನು ಇಳಿಸುವಷ್ಟರಲ್ಲಿ ಮೊಳೆ ಪುಡಿಯಾಗಿ ಅವನ ಬೆರಳ ಸಂದಿಯಲ್ಲಿ ಕುಂಕುಮದ ಹಾಗೆ ಉಳಿದಿರುತ್ತದೆ. ಒಮ್ಮೆ ಒಂದು ಬಸ್ಸು ದಾರಿ ತಪ್ಪಿ ನಮ್ಮೂರಿಗೆ ಬಂತು. ಡ್ರೈವರ್ ಇಳಿದು ಚಹಾ ಕುಡಿದು ಬರುವುದರೊಳಗೆ ಬಸ್ಸು ನಿಂತ ಜಾಗದಲ್ಲಿ ಸೀಟುಗಳು, ಗಾಜುಗಳು, ಟೈರುಗಳು ಮತ್ತು ಒಂದು ಕೆಂಪು ಗುಡ್ಡೆ ಇದ್ದವು. ಆ ಗುಡ್ಡೆಯ ಮೇಲೆ ಕೂತು ಕಂಡಕ್ಟರ್ ಇನ್ನೂ ಟಿಕೆಟ್ ಹರಿಯುತ್ತಿದ್ದ.

ಅಂಥ ಊರಲ್ಲಿ ಮರದ ಬೀಗ ಮಾಡುವವನು ನಾನು, ದ್ಯಾಮಣ್ಣ. ನನ್ನ ಬೀಗ ಎಷ್ಟು ಗಟ್ಟಿ ಎಂದರೆ ಕಳ್ಳರು ಬಾಗಿಲಿಗೆ ಬಂದು, ಬೀಗಕ್ಕೆ ಕೈಮುಗಿದು, ಪಕ್ಕದ ಗೋಡೆ ಒಡೆದು ಒಳಗೆ ಹೋಗುತ್ತಾರೆ. ನನ್ನ ಅಕ್ಕ ನಿಂಬೆವ್ವ ಮಾತ್ರ ನನ್ನ ಕಸುಬನ್ನು ಯಾವತ್ತೂ ಹೊಗಳಲಿಲ್ಲ. "ಊರಿಗೆಲ್ಲಾ ಬೀಗ ಮಾಡಿಕೊಡ್ತಿ, ನಿನ್ನ ಬಾಯಿಗೊಂದ ಮಾಡ್ಕೋಳಾಕ ಆಗವಲ್ದಲ್ಲೋ ತಮ್ಮಾ" ಎನ್ನುತ್ತಿದ್ದಳು.

ಗಾಳಿ ಕಬ್ಬಿಣಕ್ಕೆ ಮಾಡುವುದನ್ನೇ ಮನುಷ್ಯರಿಗೂ ಮಾಡುತ್ತದೆ, ಸ್ವಲ್ಪ ನಿಧಾನ, ಅಷ್ಟೇ. ಮೊದಲು ಕಿವಿಯ ಹಿಂದೆ ಕಂದು ಪುಡಿ ಕಾಣುತ್ತದೆ. ಆಮೇಲೆ ದಿಂಬಿನ ಮೇಲೆ ಕಲೆ. ಆಮೇಲೆ ಬೆರಳಿನ ಕೀಲು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿ, ಮಡಚಿದ್ದು ಮಡಚಿದ ಹಾಗೇ ನಿಂತುಬಿಡುತ್ತದೆ. ಇದರಿಂದ ಬಚಾವಾಗಬೇಕೆಂದರೆ ಹೊಟ್ಟೆಯಲ್ಲಿ ಒಳಗಿನವರು ಇರಬೇಕು. ಕಣ್ಣಿಗೆ ಕಾಣದ ಮಂದಿ ಅವರು. ಜೋಳದ ಅಂಬಲಿಯನ್ನು ಗಡಿಗೆಯಲ್ಲಿ ಹುಳಿ ಬರಿಸಿ ಕುಡಿದರೆ ಹೊಟ್ಟೆ ಸೇರಿ ಸಂಸಾರ ಹೂಡುತ್ತಾರೆ, ನಮ್ಮನ್ನು ಕಾಯುತ್ತಾರೆ. ಊರಿಗೆ ಜ್ವರ ಬಂದ ವರ್ಷ ಬಂದಿದ್ದ ಡಾಕ್ಟರಬಾಯಿ ನಮ್ಮ ಅಂಬಲಿಯ ಒಂದು ಹನಿಯನ್ನು ದುರ್ಬೀನಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಇವು ಬ್ಯಾಕ್ಟೀರಿಯಾ, ಇವುಗಳ ಮೈಯೊಳಗೆ ಒಂದು ಬಗೆಯ ಪ್ರೋಟೀನ್ ಇದೆ, ನಾವು ಎಳೆದುಕೊಂಡ ಉಸಿರು ಒಳಗೆ ಕಿಡಿ ಹಾರಿಸುತ್ತದೆ, ಆ ಕಿಡಿ ಕರುಳಿಗೆ ತಗಲುವ ಮೊದಲೇ ಈ ಪ್ರೋಟೀನ್ ಅದನ್ನು ಹಿಡಿದು ನೀರು ಮಾಡಿಬಿಡುತ್ತದೆ ಎಂದರು. "ಹೌದ್ರಿ ಬಾಯಾರ, ಅದನ್ನ ನಾವು ಒಳಗಿನವ್ರು ಅನ್ನೂದು" ಎಂದೆವು. ಅವರು ಇನ್ನೂ ಏನೋ ಹೇಳುವವರಿದ್ದರು, ಅಷ್ಟರಲ್ಲಿ ದುರ್ಬೀನು ಉದುರಿ ಅವರ ತೊಡೆಯ ಮೇಲೆ ಬಿತ್ತು.

ಒಂದೇ ಮನೆಯ ಗಡಿಗೆಯಲ್ಲಿ ಬೆಳೆದ ಒಳಗಿನವರು ಬರಬರುತ್ತಾ ಸೊರಗುತ್ತಾರೆ. ಅದಕ್ಕೆ ನಮ್ಮಲ್ಲಿ ಬೆರಕೆ ಎಂಬ ಪದ್ಧತಿ ಇದೆ. ಕೆಂಗಾಳಿ ಏಳುವ ಮೊದಲು ಪ್ರತಿ ಮನೆಯವರೂ ಗಡಿಗೆ ಹೊತ್ತು ಚಾವಡಿಗೆ ಬರುತ್ತಾರೆ. ಅಲ್ಲಿನ ಕಲ್ಲಿನ ಬಾನಿಗೆ ಒಂದು ಸೌಟು ಅಂಬಲಿ ಸುರಿಯುತ್ತಾರೆ. ಬೇವಿನ ಕೋಲಿನಲ್ಲಿ ತಿರುವಿದ ಮೇಲೆ ಒಂದು ಸೌಟು ವಾಪಸು ಒಯ್ದು ತಮ್ಮ ಗಡಿಗೆಗೆ ಹೆಪ್ಪು ಹಾಕುತ್ತಾರೆ. ಗೌಡರ ಮನೆಯ ಅಂಬಲಿ ಯಾವುದು, ಮಡಿವಾಳರ ಮನೆಯದು ಯಾವುದು ಎಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ತುಕ್ಕು ಹಿಡಿಯಿತೆಂದರೆ ನಮ್ಮೂರಲ್ಲಿ ಅದು ಬರೀ ರೋಗವಲ್ಲ. ಇವನು ಹಂಚಿಕೊಂಡು ತಿನ್ನದವನು ಎಂದು ಮೈಮೇಲೆ ಬರೆದ ಹಾಗೆ. ಕಳ್ಳತನ ಮಾಡಿ ಸಿಕ್ಕವನು ಮರುದಿನ ಸಂತೆಗೆ ಬರುತ್ತಾನೆ, ತುಕ್ಕು ಹಿಡಿದವನು ಬರುವುದಿಲ್ಲ.

ಇನ್ನು ಕಲ್ಮೇಶಪ್ಪ. ಅಕ್ಕನ ಗಂಡ, ನಾನು ಮಾಮಾ ಎನ್ನುತ್ತೇನೆ. ಊರಿಗೆ ಒಬ್ಬನೇ ಟೇಲರ್. ಬೇರೆ ಕಡೆಯ ಟೇಲರು ಸೂಜಿಯನ್ನು ಡಬ್ಬಿಯಲ್ಲಿಡಬಹುದು, ನಮ್ಮಲ್ಲಿ ಟೇಲರನ ಡಬ್ಬಿ ಎಂದರೆ ಅವನ ಬಾಯಿ. ಒಂದು ಸಾಲು ಹೊಲಿದು ಸೂಜಿಯನ್ನು ತುಟಿಯ ನಡುವೆ ಇಟ್ಟು, ಬಟ್ಟೆ ತಿರುಗಿಸಿ, ಮತ್ತೆ ತೆಗೆದು ಹೊಲಿಯಬೇಕು. ಹೊಟ್ಟೆಯಲ್ಲಿ ಒಳಗಿನವರು ಚೆನ್ನಾಗಿದ್ದರೆ ಅವರ ಹದ ಎಂಜಲಿಗೂ ಬರುತ್ತದೆ, ಸೂಜಿ ಹೊಳೆಯುತ್ತಿರುತ್ತದೆ. ಮಾಮಾನ ಸೂಜಿಯೋ, ಅದು ಎಂಥ ಹೊಳಪು. ಅದರ ಬೆಳಕಿನಲ್ಲಿ ನಾನು ಸಾಲಿ ಹುಡುಗರಿಗೆ ಮಗ್ಗಿ ಹೇಳಿಕೊಟ್ಟಿದ್ದೇನೆ. ನಮ್ಮ ಮಾಮಾ ಉಗುಳಿದರೆ ಹಳೆಯ ನೇಗಿಲ ಕುಳ ಹೊಸ ಮದುಮಗನ ಹಾಗೆ ಎದ್ದು ಕೂರುತ್ತದೆ ಎಂದು ಊರಲ್ಲೆಲ್ಲಾ ಹಬ್ಬಿಸಿದವನು ನಾನೇ. ಜನ ನಂಬಿದರು. ಮೊದಲು ನಂಬಿದವನು ಮಾಮಾ.

ಹಾಗಾಗಿ ಹುಟ್ಟಿದ ಕೂಸುಗಳಿಗೆ ಬೆರಳಿಡುವ ಕೆಲಸವೂ ಅವನಿಗೇ ಬಂತು. ತೊಟ್ಟಿಲಿಗೆ ಹಾಕುವ ದಿನ ಗಟ್ಟಿ ಹೊಟ್ಟೆಯವರೊಬ್ಬರು ತಮ್ಮ ಮನೆಯ ಅಂಬಲಿಯಲ್ಲಿ ಕಿರುಬೆರಳು ಅದ್ದಿ ಕೂಸಿನ ನಾಲಗೆಗೆ ಇಡಬೇಕು, ಅಲ್ಲಿಂದ ಕೂಸಿನ ಹೊಟ್ಟೆಯಲ್ಲಿ ಒಳಗಿನವರ ಸಂಸಾರ ಶುರು. ಅದಕ್ಕೂ ಮೊದಲು ಜೋಗುಳ ಮುಗಿಯುವ ತನಕ ಒಂದು ಹೊಸ ಮೊಳೆಯನ್ನು ಬಾಯಲ್ಲಿಟ್ಟುಕೊಂಡು, ಅದು ಹೊಳೆಯುತ್ತಿರುವುದನ್ನು ಹೆಂಗಸರಿಗೆ ತೋರಿಸಬೇಕು. ಮೊಳೆಯನ್ನು ತುಪ್ಪದ ಡಬ್ಬಿಯಲ್ಲಿ ಮುಳುಗಿಸಿ ಕಾಪಾಡಿರುತ್ತಾರೆ. ಆದರೆ ಮಾಮಾನಿಗೆ ಯಾರೂ ಮೊಳೆ ಕೊಡುತ್ತಿರಲಿಲ್ಲ. ದಿನವಿಡೀ ಬಾಯಲ್ಲಿ ಸೂಜಿ ಇಟ್ಟುಕೊಂಡವನಿಗೆ ಮೊಳೆ ಕೊಡುವುದು ಅವಮಾನ ಮಾಡಿದ ಹಾಗೆ.

ಅಷ್ಟು ಹೊಗಳಿಕೆ ಹೊಟ್ಟೆಗೆ ಹೋದರೆ ಅಲ್ಲಿ ಬೇರೆಯವರಿಗೆ ಜಾಗ ಎಲ್ಲಿ? ಬೆರಕೆಗೆ ಮಾಮಾ ತಪ್ಪದೆ ಹೋಗುತ್ತಿದ್ದ, ಒಂದು ಸೌಟು ಸುರಿಯುತ್ತಿದ್ದ, ಒಂದು ಸೌಟು ತರುತ್ತಿದ್ದ. ಬರುವ ದಾರಿಯಲ್ಲಿ ಮಡಿವಾಳರ ಹಾಳುಗೋಡೆಯ ಹಿಂದೆ ಒಂದು ಗಳಿಗೆ ಹೋಗಿಬರುತ್ತಿದ್ದ. ಮೂತ್ರಕ್ಕೆ ಹೋದನೆಂದೇ ನಾನು ಅಂದುಕೊಂಡಿದ್ದೆ. ತನ್ನ ಗಡಿಗೆಯ ಶುದ್ಧ ಅಂಬಲಿಗೆ ಊರ ಬೆರಕೆ ಸೇರಬಾರದೆಂದು ಆ ಸೌಟನ್ನು ಅಲ್ಲಿ ಚೆಲ್ಲುತ್ತಿದ್ದ.

ಜ್ವರದ ವರ್ಷ ಡಾಕ್ಟರಬಾಯಿ ಎಲ್ಲರಿಗೂ ಗುಳಿಗೆ ಕೊಟ್ಟರು. ಕೊಡುವಾಗಲೇ, ಇದು ಜ್ವರದ ಹುಳದ ಜೊತೆಗೆ ನಿಮ್ಮ ಒಳಗಿನವರನ್ನೂ ಕೊಲ್ಲುತ್ತದೆ, ಮುಗಿದ ಮೇಲೆ ನಾಲ್ಕು ಮನೆಯ ಅಂಬಲಿ ಕುಡಿದು ಮತ್ತೆ ತುಂಬಿಸಿಕೊಳ್ಳಿ ಎಂದು ಹೇಳಿದ್ದರು. ಜ್ವರ ಬಿಟ್ಟ ಮೇಲೆ ಊರಿಗೆ ಊರೇ ಬಟ್ಟಲು ಹಿಡಿದು ಬಾಗಿಲಿಂದ ಬಾಗಿಲಿಗೆ ತಿರುಗಿತು. ನಾನಂತೂ ಎಷ್ಟು ಮನೆಯಲ್ಲಿ ಕುಡಿದೆನೆಂದರೆ ನಡೆದರೆ ಹೊಟ್ಟೆಯೊಳಗೆ ಕೆರೆ ಅಲುಗಾಡಿದ ಸದ್ದಾಗುತ್ತಿತ್ತು. ಮಾಮಾ ಮಾತ್ರ ಎದ್ದೇಳಲಿಲ್ಲ. "ನಮ್ಮ ಗಡಿಗಿ ಇಲ್ಲೇನು" ಎಂದು ತನ್ನ ಅಂಬಲಿಯನ್ನೇ ಕುಡಿದ, ಅಕ್ಕನಿಗೂ ಅದನ್ನೇ ಕೊಟ್ಟ. ಬೆರಕೆ ಕಾಣದೆ ಎಷ್ಟೋ ವರ್ಷವಾಗಿದ್ದ ಆ ಗಡಿಗೆಯಲ್ಲಿ ಹುಳಿಯೇನೋ ಇತ್ತು, ಜನ ಇರಲಿಲ್ಲ.

ಮೊದಲ ಕಲೆ ಕಂಡದ್ದು ಶಾನುಭೋಗರ ಬಿಳಿ ಅಂಗಿಯ ಮೇಲೆ. ನಾನು ಅಂಗಡಿಯ ಹಲಗೆಯ ಮೇಲೆ ಕೂತು, ಹುಲಿಯೊಂದು ನನ್ನ ಬೀಗ ತೆಗೆಯಲಾರದೆ ಅತ್ತ ಕಥೆ ಹೇಳುತ್ತಿದ್ದೆ. ಮಾಮಾ ಹೊಲಿಗೆ ನಿಲ್ಲಿಸಿ ಕಾಲರನ್ನು ಕಣ್ಣಿನ ಹತ್ತಿರ ಹಿಡಿದ. ಪ್ರತಿ ಹೊಲಿಗೆಯ ಬುಡದಲ್ಲೂ ಇರುವೆಯ ತಲೆಯಷ್ಟು ಕಂದು ಚುಕ್ಕೆ.

"ಏನ್ ಮಾಮಾ ಅದು?"

"ಏನಿಲ್ಲ. ಶೇಂಗಾ ತಿಂದಿದ್ದೆ."

"ಶೇಂಗಾ ತಿಂದ್ರ ಚುಕ್ಕಿ ಬೀಳತೈತೇನು?"

"ನೀ ಹುಲಿ ಕಥಿ ಹೇಳು" ಎಂದ ಮಾಮಾ. ಸೂಜಿಯನ್ನು ಬಾಯಿಗಿಡಲು ಕೈ ಎತ್ತಿದವನು ತುಟಿಯ ಹತ್ತಿರ ಬಂದ ಮೇಲೆ ಕೈ ಇಳಿಸಿ, ಸೂಜಿಯನ್ನು ತಲೆಗೂದಲಿಗೆ ಒರೆಸಿದ. ಅವನ ಮನಸ್ಸಿನಲ್ಲಿ ಆಗ ಏನಾಯಿತೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ನಮ್ಮೂರ ಎಮ್ಮೆಗೆ ಬೀಳುವ ಕನಸೂ ನನಗೆ ಗೊತ್ತಿರುತ್ತದೆ. ಅವನಿಗೆ ಬಜಾರದ ನಡುವೆ ಧೋತರ ಬಿಚ್ಚಿಬಿದ್ದ ಹಾಗಾಗಿತ್ತು. ಯಾರೂ ನೋಡಿಲ್ಲ, ಆದರೆ ಬಗ್ಗಿ ಎತ್ತಿಕೊಂಡರೆ ಎಲ್ಲರೂ ನೋಡುತ್ತಾರೆ.

ಅವತ್ತಿನಿಂದ ಮಾಮಾ ಕಂದು ಬಣ್ಣದ ಅಂಗಿ ತೊಡತೊಡಗಿದ. ಕಿವಿಗೆ ಮಫ್ಲರ್ ಸುತ್ತಿದ. ಸುಡುವ ಬಿಸಿಲಿನಲ್ಲಿ ಮಫ್ಲರ್ ಯಾಕೆಂದು ಯಾರಾದರೂ ಕೇಳಿದರೆ, ನಮ್ಮ ಮಾಮಾನ ಒಳಗಿನವರು ಎಷ್ಟು ಬಲವಾಗಿದ್ದಾರೆಂದರೆ ಅವರ ಗದ್ದಲಕ್ಕೆ ಕಿವಿ ಮುಚ್ಚಿಕೊಂಡಿದ್ದಾನೆ ಎಂದು ನಾನು ಹೇಳುತ್ತಿದ್ದೆ. ಮನೆಯ ಬಟ್ಟೆಗಳನ್ನು ಮಡಿವಾಳರ ಸುಂಕವ್ವನಿಗೆ ಕೊಡುವುದನ್ನೂ ಅವನು ನಿಲ್ಲಿಸಿದ. ದಿಂಬಿನ ಚೀಲಗಳನ್ನು ಅಕ್ಕನೇ ಹಿತ್ತಲಲ್ಲಿ ಒಗೆಯಬೇಕಾಯಿತು. ಒಗೆದೂ ಒಗೆದೂ ಒಂದು ದಿನ ಅವಳು ಸೆರಗಿನೊಳಗಿಂದ ಬಲಗೈ ತೆಗೆದು ಅವನ ಮುಂದೆ ಹಿಡಿದಳು. ಬೆರಳುಗಳು ಬೆಕ್ಕಿನ ಪಂಜದ ಹಾಗೆ ಮಡಚಿಕೊಂಡಿದ್ದವು.

"ಬಿಚ್ಚಾಕ ಬರವಲ್ದು" ಎಂದಳು.

ಕಾಜ ಹೊಲಿಯುವುದು ಅಕ್ಕನ ಕೆಲಸವಾಗಿತ್ತು. ಅವಳು ಹೊಲಿದ ಗುಂಡಿತೂತಿನಲ್ಲಿ ಗುಂಡಿ ತಾನಾಗಿಯೇ ಹೋಗಿ ಕೂರುತ್ತಿತ್ತು. ಅವತ್ತಿನಿಂದ ಅದೂ ನಿಂತಿತು. ಮಾಮಾ ಅವಳ ಬೆರಳನ್ನು ಹಿಡಿದು ಎಣ್ಣೆ ತಿಕ್ಕಿದ. ಅವಳು ನೋವೆಂದು ಮುಖ ಕಿವುಚಿದಳು. ಅವನು ತುತ್ತು ಮಾಡಿ ಉಣ್ಣಿಸಿದ, ಜಡೆ ಹಾಕಲು ಹೋಗಿ ಅದನ್ನು ಅಂಗಿಯ ತೋಳಿನ ಹಾಗೆ ಮಡಚಿದ.

"ನಾಕ ಮನಿ ಅಂಬಲಿ ಕೇಳಿ ತರ್ತೀನಿ" ಎಂದಳು ಅಕ್ಕ ಒಮ್ಮೆ.

ಕೇಳಿದರೆ ಕಲ್ಮೇಶಪ್ಪನ ಮನೆಯಲ್ಲಿ ಒಳಗಿನವರು ಇಲ್ಲ ಎಂದು ಊರಿಗೆ ಗೊತ್ತಾಗುತ್ತದೆ. ಕೇಳದಿದ್ದರೆ ಅವಳ ಬೆರಳು ಹೋಗುತ್ತದೆ. ಮಾಮಾ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತ. ಅಕ್ಕ ಅವನ ಮುಖವನ್ನು ನೋಡಿ, "ಇರಲಿ ಬಿಡ್ರಿ, ನನಗೇನ್ ಅವಸರ" ಎಂದಳು. ಹಾಗೆ ಅನ್ನದೆ ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಈ ನಡುವೆ ಸುಂಕವ್ವನ ಮಗಳು ಹೊನ್ನವ್ವ ಹೆತ್ತಳು. ಸುಂಕವ್ವ ಅಂಗಡಿಗೆ ಬಂದು ನಿಂತಾಗ ಮಾಮಾ ಮಫ್ಲರನ್ನು ಇನ್ನೂ ಬಿಗಿದುಕೊಂಡ. ಅವಳು ಗಟ್ಟಿ ಹೆಂಗಸು, ನಕ್ಕರೆ ಹಳ್ಳದ ಆಚೆಯ ಬಂಡೆಯ ಮೇಲೆ ಒಣಹಾಕಿದ ಸೀರೆ ಹಾರುತ್ತದೆ.

"ಏನ್ರಿ ಟೇಲರ್ ಅಣ್ಣಾರ, ಬಟ್ಟಿ ಕೊಡೂದ ಬಿಟ್ಟೀರಿ. ನನ್ನ ಮ್ಯಾಲ ಸಿಟ್ಟೇನು?"

"ಸಿಟ್ಟ್ಯಾಕ ಸುಂಕವ್ವಾ. ನಿಂಬಿ ತಾನ ಒಗೀತೀನಿ ಅಂತಾಳ."

"ಆಕಿ ಕೈಲಿ?" ಎಂದ ಸುಂಕವ್ವ ಏನೋ ನುಂಗಿಕೊಂಡವಳ ಹಾಗೆ ನಿಂತು, ಮಾತು ಬದಲಿಸಿದಳು. "ಇರಲಿ. ನಮ್ಮ ಹೊನ್ನಿ ಕೂಸನ್ನ ತೊಟ್ಟಲಕ್ಕ ಹಾಕೂದೈತ್ರಿ. ಕೆಂಗಾಳಿ ಏಳೂದ್ರೊಳಗ ಆಗಬೇಕು. ಬೆರಳ ನೀವಽ ಇಡಬೇಕು, ಮತ್ತ ಬಿಳಿ ಅಂಗಿನೂ ನಿಮ್ಮ ಕೈಯಾಂದಽ."

"ಬ್ಯಾರೆ ಯಾರಾರ..." ಎಂದು ಮಾಮಾ ಶುರು ಮಾಡಿದ್ದ. ನಾನು ಬಿಡಬೇಕಲ್ಲ. "ಬ್ಯಾರೆ ಯಾರ ಅದಾರ ಈ ಊರಾಗ? ನಮ್ಮ ಮಾಮಾನ ಬೆರಳ ಬಿದ್ದ ಕೂಸು ಮುಪ್ಪಾದ ಮ್ಯಾಲೂ ಹಲ್ಲಾಗ ಕಬ್ಬಿಣ ಕಡೀತೈತಿ" ಎಂದೆ. ಸುಂಕವ್ವ ನನ್ನನ್ನು ನೋಡಲಿಲ್ಲ, ಮಾಮಾನನ್ನೇ ನೋಡುತ್ತಿದ್ದಳು. ಅವನು ನೆಲ ನೋಡುತ್ತಾ ಹೂಂ ಎಂದ.

ಕೂಸಿನ ಬಿಳಿ ಅಂಗಿ ಹೊಲಿಯಲು ಅವನು ಯಾವ ಸೂಜಿಯನ್ನು ಎತ್ತಿದರೂ ಅದು ಎರಡನೆಯ ಹೊಲಿಗೆಗೇ ಕೆಂಪಾಗುತ್ತಿತ್ತು. ನಿಂಬೆಹಣ್ಣಿನಲ್ಲಿ ಉಜ್ಜಿದ, ಇಟ್ಟಿಗೆಪುಡಿಯಲ್ಲಿ ತಿಕ್ಕಿದ, ಬಾಯಲ್ಲಿ ಇಟ್ಟುಕೋ ಎಂದು ನನಗೆ ಕೊಟ್ಟ. ಬಾಯಲ್ಲಿ ಸೂಜಿ ಇದ್ದರೆ ಮಾತಾಡಲು ಆಗುವುದಿಲ್ಲ, ಆದ್ದರಿಂದ ನಾನು ಅದನ್ನು ಒಡನೆಯೇ ತೆಗೆದೆ. ಕಡೆಗೆ ಅವನು ಹೊಳೆದಂಡೆಗೆ ಹೋಗಿ ಜಾಲಿಯ ಮುಳ್ಳು ಕಿತ್ತುತಂದು, ಅದರ ಬುಡದಲ್ಲಿ ತೂತು ಕೊರೆದು, ದಾರ ಪೋಣಿಸಿ ಹೊಲಿದ. ಅಂಗಿಯ ಅಂಚಿನಲ್ಲೆಲ್ಲಾ ಕಡಲೆಕಾಳು ಹೋಗುವಂಥ ತೂತುಗಳು. ಇದು ಹೊಸ ಫ್ಯಾಷನ್, ಕೂಸಿಗೆ ಗಾಳಿ ಆಡಲಿ ಎಂದು ಮಾಮಾ ಕಂಡುಹಿಡಿದದ್ದು ಎಂದು ನಾನು ಊರಲ್ಲಿ ಹೇಳಿದೆ. ಎರಡೇ ದಿನದಲ್ಲಿ ಶಾನುಭೋಗರು ತಮ್ಮ ಅಂಗಿಗೂ ಅಂಥ ತೂತು ಬೇಕೆಂದು ಬಂದರು. ಮಾಮಾ ಅವರಿಗೆ ಹೊಲಿದುಕೊಟ್ಟ. ಅವರು ಹೊಗಳುತ್ತಾ ಹೋದ ಮೇಲೆ ಮುಳ್ಳನ್ನು ಹಲಗೆಗೆ ಚುಚ್ಚಿ ಬಹಳ ಹೊತ್ತು ತಲೆ ಎತ್ತಲಿಲ್ಲ.

ತೊಟ್ಟಿಲ ದಿನ ಅಕ್ಕ ಬರಲಿಲ್ಲ. "ಈ ಕೈ ತಗೊಂಡ ಹೆಂಗಸರ ನಡುವ ಹ್ಯಾಂಗ ಕೂಡ್ರಲಿ, ನೀವ ಹೋಗ್ರಿ" ಎಂದಳು. ಮಾಮಾ ಅಂದು ಬಿಳಿ ಅಂಗಿ ತೊಟ್ಟಿದ್ದ, ಬೆರಳಿಡುವವರು ಬಿಳಿಯಲ್ಲೇ ಹೋಗಬೇಕು. ಕೈಯಲ್ಲಿ ತನ್ನ ಮನೆಯ ಅಂಬಲಿಯ ಚಿಕ್ಕ ಕುಡಿಕೆ. ದಾರಿಯುದ್ದಕ್ಕೂ ಅವನ ಮಂಡಿ ಕಿರುಗುಟ್ಟುತ್ತಿತ್ತು. ಆ ಸದ್ದು ಮುಚ್ಚಲು ನಾನು ಪಕ್ಕದಲ್ಲಿ ನಡೆಯುತ್ತಾ ಗಟ್ಟಿಯಾಗಿ ಸಿಳ್ಳೆ ಹಾಕಿದೆ.

ಸುಂಕವ್ವನ ಮನೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ತೊಟ್ಟಿಲಲ್ಲಿ ಕೂಸು ಆ ತೂತಿನ ಅಂಗಿ ತೊಟ್ಟು, ಜಗತ್ತಿನಲ್ಲಿ ತನಗೇನು ಕೊರತೆ ಎಂಬ ಹಾಗೆ ಕಾಲು ಝಾಡಿಸುತ್ತಿತ್ತು. ಹೊನ್ನವ್ವ ಹಸಿಬಾಣಂತಿ, ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಬೇವಿನ ಎಲೆ ಒಂದೊಂದೇ ಕೆಂಪಾಗಿ ಉದುರುತ್ತಿದ್ದವು. ಕೆಂಗಾಳಿ ಗುಡ್ಡ ಇಳಿಯುತ್ತಿದೆ ಎಂದು ಅದರ ಅರ್ಥ. ಇವತ್ತು ಕೂಸಿನ ಹೊಟ್ಟೆಗೆ ಒಳಗಿನವರು ಹೋಗದಿದ್ದರೆ ಈ ಗಾಳಿಯನ್ನು ಅದು ಬರಿಮೈಯಲ್ಲಿ ಎದುರಿಸಬೇಕಾಗುತ್ತದೆ. ಎಳೆ ಕೀಲುಗಳಿಗೆ ಬಹಳ ಹೊತ್ತು ಬೇಕಾಗುವುದಿಲ್ಲ.

ಒಬ್ಬ ಮುದುಕಿ ತುಪ್ಪದ ಡಬ್ಬಿಯಿಂದ ಮೊಳೆ ತೆಗೆದು ಒರೆಸುತ್ತಿದ್ದಳು. ಇನ್ನೊಬ್ಬಳು ಅವಳ ಕೈ ತಡೆದಳು. "ಕಲ್ಮೇಶಪ್ಪಗ ಮೊಳಿ ಕೊಡ್ತಿಯೇನಬೇ? ನಿನಗ ಅರಳು ಮರಳು ಏನಾರ?"

"ಕೊಡಬಾರ್ದೇನ ಮತ್ತ? ಪದ್ಧತಿ ಐತಿ."

"ನಮ್ಮ ಮಾಮಾನ ಬಾಯಾಗ ಮೊಳಿ ಇಟ್ರ ಅದು ಹೊಳದ ಹೊಳದ ನಿಮ್ಮ ಕಣ್ಣ ಹೊಕ್ಕಾವು" ಎಂದೆ ನಾನು. ಹೆಂಗಸರು ನಕ್ಕರು. ಸುಂಕವ್ವ ನಗಲಿಲ್ಲ. ಅವಳು ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು.

ಮಾಮಾ ಕುಡಿಕೆಯಲ್ಲಿ ಕಿರುಬೆರಳು ಅದ್ದಿದ. ಕೂಸು ಬಾಯಿ ತೆರೆಯಿತು. ಬೆರಳು ತುಟಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ತುದಿಯಲ್ಲಿದ್ದ ಹನಿ ದಪ್ಪವಾಗುತ್ತಾ ಹೋಯಿತು. ಅದೊಂದು ಹನಿ ಬಿದ್ದರೆ ಎಲ್ಲರೂ ಸೋಬಾನೆ ಹಾಡಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಮಾಮಾನ ಹೆಸರು ಉಳಿಯುತ್ತಿತ್ತು. ಕೂಸಿಗೆ ಮುಂದೆ ತುಕ್ಕು ಬಂದರೆ ಹೆತ್ತವಳ ಹಾಲನ್ನು ಬೈಯುತ್ತಿದ್ದರೇ ಹೊರತು ಟೇಲರನ ಬೆರಳನ್ನು ಯಾರೂ ಬೈಯುತ್ತಿರಲಿಲ್ಲ.

ಅವನು ಬೆರಳನ್ನು ಹಿಂದಕ್ಕೆ ಎಳೆದುಕೊಂಡು ತನ್ನ ಅಂಗಿಗೆ ಒರೆಸಿದ. ಮುದುಕಿಯ ಕಡೆ ಕೈ ಚಾಚಿ, "ಮೊಳಿ ಕೊಡು ಯವ್ವಾ" ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅವನ ಅಂಗಿಯ ತುದಿ ಹಿಡಿದು ಎಳೆದೆ. ಅವನು ಮೊಳೆಯನ್ನು ಬಾಯಿಗಿಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ತೊಟ್ಟಿಲ ಮುಂದೆ ಕೂತ. ಜೋಗುಳ ಶುರುವಾಯಿತು. ನಮ್ಮೂರ ಜೋಗುಳ ಅಷ್ಟೇನೂ ಉದ್ದವಿಲ್ಲ, ಆದರೆ ಅವತ್ತು ಅದು ಮುಗಿಯುವಷ್ಟರಲ್ಲಿ ಕೂಸು ಬೆಳೆದು ದೊಡ್ಡದಾಗಿ ಮದುವೆ ಮಾಡಿಕೊಂಡು ಹೋಗಬಹುದಿತ್ತು ಎಂದು ನನಗೆ ಅನ್ನಿಸಿತು. ಹಾಡುತ್ತಿದ್ದವರೇ ಮೊದಲು ನೋಡಿದರು. ಮಾಮಾನ ತುಟಿಯ ಮೂಲೆಯಿಂದ ಒಂದು ಕೆಂಪು ಗೆರೆ ಇಳಿದು, ಗದ್ದ ದಾಟಿ, ಬಿಳಿ ಅಂಗಿಯ ಎದೆಯ ಮೇಲೆ ಬಿತ್ತು. ಹಾಡು ಒಂದೊಂದೇ ಬಾಯಲ್ಲಿ ನಿಲ್ಲುತ್ತಾ ಬಂತು. ಮುದುಕಿಗೆ ಕಣ್ಣು ಮಂಜು, ಅವಳೊಬ್ಬಳೇ ಕೊನೆಯ ಸಾಲಿನ ತನಕ ಹಾಡಿದಳು.

ಮಾಮಾ ಅಂಗೈಗೆ ಉಗುಳಿದ. ಮೊಳೆ ಇರಲಿಲ್ಲ, ಕೆಂಪು ಕೆಸರಿತ್ತು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಆಮೇಲೆ ಮಫ್ಲರನ್ನೂ ಬಿಚ್ಚಿದ.

"ನನ್ನ ಹೊಟ್ಟ್ಯಾಗ ಯಾರೂ ಇಲ್ರಿ" ಎಂದ. "ಕೂಸಿಗೆ ಬ್ಯಾರೆದವರು ಬೆರಳ ಇಡ್ರಿ."

ಯಾರೂ ಬೈಯಲಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡರು, ಚಾಪೆಯ ಅಂಚು ಕಿತ್ತರು, ಸೂರು ನೋಡಿದರು. ಮನುಷ್ಯ ಬೆತ್ತಲೆ ಕೂತಾಗ ಉಳಿದವರು ನೋಡುವ ಹಾಗೆ ಎಲ್ಲಾ ಕಡೆ ನೋಡಿದರು, ಅವನ ಕಡೆ ಮಾತ್ರ ನೋಡಲಿಲ್ಲ. ನಾನು ಏನಾದರೂ ಹೇಳಬೇಕಾಗಿತ್ತು. ಇದು ತುಕ್ಕಲ್ಲ, ಎಲೆಯಡಿಕೆ ಎನ್ನಬಹುದಿತ್ತು. ಬಾಯಿ ತೆರೆದೆ, ಒಳಗಿಂದ ಏನೂ ಬರಲಿಲ್ಲ.

ಸುಂಕವ್ವ ಒಳಗೆ ಹೋಗಿ ತನ್ನ ಗಡಿಗೆಯಿಂದ ಒಂದು ಬಟ್ಟಲು ಅಂಬಲಿ ತಂದಳು. ಮೊಳೆ ಬಾಯಲ್ಲಿಟ್ಟುಕೊಂಡಳು. ಜೋಗುಳ ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ಬೇಗ ಬೇಗ. ಮೊಳೆ ತೆಗೆದಾಗ ಅದು ಹೊಳೆಯುತ್ತಿತ್ತು, ಅದಕ್ಕೆ ಯಾರ ಹೊಗಳಿಕೆಯೂ ಬೇಕಾಗಿರಲಿಲ್ಲ. ಅವಳು ಬೆರಳು ಅದ್ದಿ ಮೊಮ್ಮಗಳ ನಾಲಗೆಗೆ ಇಟ್ಟಳು. ಕೂಸು ಹುಳಿಗೆ ಮುಖ ಸಿಂಡರಿಸಿ, ಆಮೇಲೆ ಬೆರಳನ್ನು ಬಿಡದೆ ಚೀಪಿತು.

ಉಳಿದ ಬಟ್ಟಲನ್ನು ಅವಳು ಮಾಮಾನ ಮುಂದೆ ಇಟ್ಟಳು. ಅವನು ಎದ್ದು ಹೋಗಲು ನೆಲಕ್ಕೆ ಕೈ ಊರಿದ್ದ.

"ಕೂಡ್ರಿ" ಎಂದಳು. ಆಮೇಲೆ ಬಗ್ಗಿ, ಅವನಿಗೂ ನನಗೂ ಮಾತ್ರ ಕೇಳುವ ಹಾಗೆ ಹೇಳಿದಳು. "ಈ ಸಲ ಗ್ವಾಡಿ ಹಿಂದ ಚೆಲ್ಲಬ್ಯಾಡ್ರಿ ಅಣ್ಣಾರ. ಇಲ್ಲೇ ಕುಡೀರಿ. ನಮ್ಮ ಎಮ್ಮಿ ವರ್ಷಾ ವರ್ಷಾ ನಿಮ್ಮ ಪಾಲು ನೆಕ್ಕಿ ಎಷ್ಟ ಗಟ್ಟಿ ಆಗೇತಿ ನೋಡ್ರಿ."

ಮಾಮಾನ ಮುಖಕ್ಕೆ ಬಂದ ಕೆಂಪು ತುಕ್ಕಿನದಲ್ಲ. ಅವನು ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಕುಡಿದ. ಬಟ್ಟಲು ಕೆಳಗಿಟ್ಟಾಗ ಅದರ ಅಂಚಿನ ಮೇಲೆ ಅವನ ತುಟಿ ಕೆಂಪಗೆ ಅಚ್ಚಾಗಿತ್ತು. ಅವನು ಅದನ್ನು ಪಂಚೆಯ ತುದಿಯಿಂದ ಒರೆಸಿದ. ಹೋಗಲಿಲ್ಲ. ಮತ್ತೆ ಒರೆಸಿದ.

"ಇನ್ನೊಂದೀಟು ಕೊಡ್ತಿಯೇನು, ಸುಂಕವ್ವಾ?" ಎಂದ, ಬಟ್ಟಲು ಒರೆಸುತ್ತಲೇ. "ನನಗಲ್ಲ. ನಿಂಬಿ ಬೆರಳ ಮಡಚಿ ಹ್ವಾಗ್ಯಾವ. ನನ್ನಿಂದ ಆಗೇತಿ."

"ಆಕೀಗ್ಯಾಕ್ರಿ, ಆಕಿ..." ಎಂದವಳು ತುಟಿ ಕಚ್ಚಿಕೊಂಡಳು. ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಒಯ್ರಿ. ಒಯ್ರಿ, ಕೊಡ್ತೀನಿ" ಎಂದು ಒಳಗೆ ಹೋಗಿ ಬಟ್ಟಲು ತುಂಬಿ ತಂದಳು.

ಬರುವಾಗ ಮಾಮಾ ಬಟ್ಟಲಿನ ಮೇಲೆ ಮಫ್ಲರ್ ಮುಚ್ಚಿಕೊಂಡು, ಹನಿ ಚೆಲ್ಲದ ಹಾಗೆ ನಡೆದ. ಆ ಹಾಳುಗೋಡೆಯ ಹತ್ತಿರ ಬಂದಾಗ ರಸ್ತೆಯ ಆಚೆ ಬದಿಗೆ ಹೋದ. ನಾನು ಸಿಳ್ಳೆ ಹಾಕಲಿಲ್ಲ. ಅವನ ಮಂಡಿಯ ಸದ್ದು ಊರೆಲ್ಲಾ ಕೇಳಿತು.

ಮನೆಯ ಬಾಗಿಲು ಒಂದಿಷ್ಟು ತೆರೆದಿತ್ತು. ಮಾಮಾ ತಳ್ಳಲು ಹೋದವನು ಸಂದಿಯಲ್ಲಿ ನೋಡಿ ನಿಂತ. ನಾನೂ ಅವನ ಭುಜದ ಮೇಲಿಂದ ಇಣುಕಿದೆ. ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಅಕ್ಕ ಕೂತಿದ್ದಳು. ಮಡಿಲಲ್ಲಿ ಚುಕ್ಕೆ ಬಿದ್ದು ಮೂಲೆ ಸೇರಿದ್ದ ಶಾನುಭೋಗರ ಆ ಬಿಳಿ ಅಂಗಿ. ತುಟಿಯ ನಡುವಿನಿಂದ ಸೂಜಿ ತೆಗೆದು ಕಾಜ ಹೊಲಿಯುತ್ತಿದ್ದಳು, ಒಂದು ಸಾಲು ಮುಗಿದ ಮೇಲೆ ಮತ್ತೆ ತುಟಿಗೆ. ಐದೂ ಬೆರಳು ನೀರಿನಲ್ಲಿ ಮೀನು ಓಡಿದ ಹಾಗೆ ಓಡುತ್ತಿದ್ದವು. ಸೂಜಿ ಬಿಸಿಲಿಗೆ ಮಿಂಚಿದಾಗ ಬೆಳಕಿನ ಚುಕ್ಕೆ ಎದುರು ಗೋಡೆಯ ಮೇಲೆ ಕುಣಿಯುತ್ತಿತ್ತು. ಊರಿನ ಎಮ್ಮೆಯ ಕನಸೂ ಗೊತ್ತಿರುವ ನನಗೆ ಇದು ಗೊತ್ತಿರಲಿಲ್ಲ. ಹಿತ್ತಲಲ್ಲಿ ಒಗೆಯುತ್ತೇನೆ ಎಂದು ದಿಂಬಿನ ಚೀಲ ಹೊತ್ತು ಅವಳು ಯಾವ ಹಳ್ಳಕ್ಕೆ, ಯಾರ ಹತ್ತಿರ ಹೋಗುತ್ತಿದ್ದಳು, ಅಲ್ಲಿ ಯಾರ ಗಡಿಗೆಯಿಂದ ಕುಡಿಯುತ್ತಿದ್ದಳು, ಎಲ್ಲಾ ಆ ಬೆಳಕಿನ ಚುಕ್ಕೆಯಲ್ಲಿ ಒಮ್ಮೆಗೇ ತಿಳಿಯಿತು. ಅವಳ ಬೆರಳು ಎಂದೋ ಬಿಚ್ಚಿಕೊಂಡಿತ್ತು. ಗಂಡನ ಮಾನಕ್ಕಾಗಿ ಅವನ ಮುಂದೆ ಮಾತ್ರ ಮಡಚಿಟ್ಟುಕೊಂಡಿದ್ದಳು.

ಮಾಮಾ ಬಟ್ಟಲನ್ನು ಎದೆಗೆ ಅವಚಿಕೊಂಡ. ಈಗ ಬಾಗಿಲು ಒದ್ದು ಒಳಗೆ ಹೋಗುತ್ತಾನೆ ಎಂದುಕೊಂಡೆ. ಅವನು ಸದ್ದಾಗದ ಹಾಗೆ ಹಿಂದೆ ಸರಿದ, ಬೀದಿಯ ತನಕ ಹೋದ. ಅಲ್ಲಿಂದ ಚಪ್ಪಲಿ ಎಳೆಯುತ್ತಾ, ಎರಡು ಸಲ ಗಟ್ಟಿಯಾಗಿ ಕೆಮ್ಮುತ್ತಾ ವಾಪಸು ಬಂದ.

"ದ್ಯಾಮಣ್ಣಾ" ಎಂದ, ಓಣಿಗೆಲ್ಲಾ ಕೇಳುವ ಹಾಗೆ. "ಬಾಗಲಾ ತಗೀಯೋ, ನನ್ನ ಕೈಯಾಗ ಬಟ್ಟಲೈತಿ."

ಒಳಗೆ ಬಟ್ಟೆಯ ಸರಬರ ಸದ್ದಾಯಿತು. ಅದು ನಿಲ್ಲುವ ತನಕ ನಾನು ನನ್ನದೇ ಮರದ ಬೀಗದ ಜೊತೆ ಗುದ್ದಾಡಿದೆ, ತೆರೆದ ಬಾಗಿಲಿನ ಬೀಗದ ಜೊತೆ. ನಾವು ಒಳಗೆ ಹೋದಾಗ ಅಕ್ಕನ ಕೈ ಸೆರಗಿನೊಳಗಿತ್ತು.

"ತೊಟ್ಟಲಾ ಆತ್ರಿ?" ಎಂದಳು. ಎಂದವಳು ಅವನ ಗದ್ದ ನೋಡಿದಳು, ಬಿಳಿ ಅಂಗಿಯ ಎದೆ ನೋಡಿದಳು, ಮಫ್ಲರಿಲ್ಲದ ಕಿವಿ ನೋಡಿದಳು.

"ಸುಂಕವ್ವ ಕೊಟ್ಟಾಳ, ಕುಡಿ" ಎಂದ ಮಾಮಾ. ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತು ಬಟ್ಟಲನ್ನು ಅವಳ ಬಾಯಿಗೆ ಹಿಡಿದ. ಅವಳು ಅದನ್ನು ಜನ್ಮದಲ್ಲೇ ಕುಡಿಯದವಳ ಹಾಗೆ ಮೆಲ್ಲಗೆ ಕುಡಿದಳು.

"ಹುಳಿ ಐತಿ" ಎಂದಳು.

"ಹೂಂ. ನನಗೂ ಹುಳೀನ ಹತ್ತಿತು." ಬಟ್ಟಲು ಕೆಳಗಿಟ್ಟು ಕೇಳಿದ. "ಬೆರಳು?"

ಅಕ್ಕ ಸೆರಗಿನೊಳಗಿಂದ ಮಡಚಿದ ಕೈ ತೆಗೆದಳು. ಒಂದು ಬೆರಳನ್ನು ಬಹಳ ನಿಧಾನವಾಗಿ ಬಿಚ್ಚಿ, ಅವನ ಮುಖ ನೋಡಿದಳು. "ಒಂದೀಟು ಸಡ್ಲ ಆದಂಗೈತಿ ನೋಡ್ರಿ."

"ನಾಳಿಗೆ ಇನ್ನೊಂದು ಆಗತೈತಿ" ಎಂದ ಮಾಮಾ. ಇಬ್ಬರೂ ತಲೆ ತಗ್ಗಿಸಿ ಆ ಒಂದು ಬೆರಳನ್ನು ನೋಡುತ್ತಾ ಕೂತರು. ಒಬ್ಬರ ಕಣ್ಣನ್ನು ಒಬ್ಬರು ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ನಾನು ಅಲ್ಲಿ ನಿಲ್ಲಬಾರದಿತ್ತು. ಹೊರಡಬೇಕೆಂದು ತಿರುಗಿದಾಗ, ಅವಸರದಲ್ಲಿ ಅಕ್ಕ ಬೀಳಿಸಿದ ಸೂಜಿ ಮಾಮಾನ ಹಿಮ್ಮಡಿಯ ಹತ್ತಿರವೇ ನೆಲದ ಬಿರುಕಿನಲ್ಲಿ ನೆಟ್ಟಗೆ ನಿಂತು, ಇಡೀ ಅಂಗಳದ ಬಿಸಿಲನ್ನೆಲ್ಲಾ ಎಳೆದುಕೊಂಡು ಹೊಳೆಯುತ್ತಿರುವುದು ಕಂಡಿತು. ಅವನು ಒಂದಿಷ್ಟು ಕತ್ತು ತಿರುಗಿಸಿದರೆ ಸಾಕು, ಕಾಣಿಸುತ್ತಿತ್ತು. ಕಂಡ ಮೇಲೆ ಕಾಣದ ಹಾಗೆ ಇರುವುದು ಅವಳ ಎದುರಿಗೆ ಅವನಿಗೆ ಸಾಧ್ಯವಾಗುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಮುಂದೆ ಇಟ್ಟು ಅದರ ಮೇಲೆ ಬರಿಗಾಲು ಊರಿ ನಿಂತೆ.

ಸೂಜಿ ಒಳಗೆ ಇಳಿಯಿತು. ನಾನು ಬಾಯಿ ಬಿಡಲಿಲ್ಲ.